ಗಿರಿಜಾಂಬಾ ಕೀಬೋರ್ಡ್ ಕೊಂಡದ್ದು

ಅವರೆಕಾಯಿ ಕಾಲ ಶುರುವಾದ ವಾರ ಕೈಲಾಸ್ ಮನೆಯ ಕಂಪ್ಯೂಟರಿನ ಕೀಬೋರ್ಡನ್ನು ಕಿತ್ತು, ಹಳೆಯ ಟವೆಲ್ಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಜೊತೆ ಕಂಕುಳಲ್ಲಿ ಇರಿಸಿಕೊಂಡು ಆಫೀಸಿಗೆ ಹೊರಟುಹೋದ. ಅವನ ಮಗಳು ಮಾನ್ಯ ಎರಡನೇ ಪಿಯುಸಿಯಲ್ಲಿದ್ದಳು. ಹಿಂದಿನ ಸಂಜೆ ಯಾವುದೋ ರಸೀದಿ ಪ್ರಿಂಟ್ ತೆಗೆಯಲು ಕೂತಾಗ ಅವಳ ದೋಣಿಯಾಟ ಅವನ ಕಣ್ಣಿಗೆ ಬಿದ್ದಿತ್ತು. ಎಷ್ಟು ಹೊತ್ತು ಆಡಿದ್ದೀರಿ ಎಂದು ಆ ಆಟ ತಾನೇ ಒಂದು ಮೂಲೆಯಲ್ಲಿ ತೋರಿಸುತ್ತದೆ. ನೂರಾರು ಗಂಟೆ. ಕೈಲಾಸ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ್ದ.

ಊಟಕ್ಕೆ ಕೂತಾಗ ಅವನು ಕೂಗಾಡಿರಲಿಲ್ಲ. ಕೂಗಾಡುವ ಸ್ವಭಾವ ಅವನದಲ್ಲ. ಸಾರು ಬಡಿಸಿಕೊಳ್ಳುತ್ತಾ, "ಇದರಲ್ಲಿ ಅರ್ಧ ಹೊತ್ತು ಪುಸ್ತಕಕ್ಕೆ ಕೊಟ್ಟಿದ್ರೆ ಸಾಕಿತ್ತು. ಪರೀಕ್ಷೆ ಮುಗಿಯೋವರೆಗೂ ಕೀಬೋರ್ಡ್ ನನ್ನ ಹತ್ರ ಇರತ್ತೆ," ಎಂದಷ್ಟೇ ಹೇಳಿದ್ದ.

ಮಾನ್ಯ ತಲೆಯೆತ್ತಿ ಒಮ್ಮೆ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಅವಳ ಅಜ್ಜಿ ಗಿರಿಜಾಂಬಾ ಅವರೆಕಾಳು ಹಾಕಿ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಅವರ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಮಾನ್ಯ ಕಣ್ಣಿಳಿಸಿ "ಸರಿ" ಎಂದಳು. ಅರ್ಧ ತಿಂದ ತಟ್ಟೆಯನ್ನು ಎತ್ತಿಕೊಂಡು ಎದ್ದಳು.

ಆ ಗಂಟೆಗಳಲ್ಲಿ ಬಹುಪಾಲು ಗಿರಿಜಾಂಬಾ ಅವರದಾಗಿತ್ತು.

ಅದು ಶುರುವಾದದ್ದು ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ. ಚಾಮರಾಜಪೇಟೆಯ ಆ ಉದ್ದನೆಯ ಹಳೆಯ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಸ್ನಾನಕ್ಕೆ ಹೊತ್ತಾಯಿತೆಂದು ಅಮ್ಮ ಕೂಗುತ್ತಿದ್ದಳು. ಮಾನ್ಯಳ ದೋಣಿ ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ಒಣಗಿದ ಬಟ್ಟೆ ಮಡಿಸುತ್ತಿದ್ದ ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, ಈ ಅಕ್ಷರ ಒತ್ತಿದರೆ ಎಡಕ್ಕೆ, ಇದು ಬಲಕ್ಕೆ, ನಾನು ಬರುವವರೆಗೂ ಮುಳುಗಿಸಬೇಡ ಎಂದು ಹೇಳಿ ಅವಳು ಬಚ್ಚಲಿಗೆ ಓಡಿದಳು. ತಲೆ ಒರೆಸಿಕೊಳ್ಳುತ್ತಾ ವಾಪಸು ಬಂದಾಗ ದೋಣಿ ಬಂಡೆಗಳನ್ನು ದಾಟಿ ತಿಳಿನೀರಿಗೆ ಬಂದಿತ್ತು. ಗಿರಿಜಾಂಬಾ ಕುರ್ಚಿ ಬಿಟ್ಟು ಏಳಲಿಲ್ಲ.

ಅವರು ನಿಜವಾದ ಕಡಲನ್ನು ಒಂದೇ ಸಲ ನೋಡಿದ್ದರು, ಗೋಕರ್ಣದಲ್ಲಿ. ಆಗ ಕೈಲಾಸ್ ಇನ್ನೂ ಚಿಕ್ಕವನು. ಅವನ ಕೈ ಬಿಡದೆ, ಸೆರಗು ನೆನೆಯದೆ, ತಂದ ಚಿತ್ರಾನ್ನಕ್ಕೆ ಮರಳು ಬೀಳದೆ ನೋಡಿಕೊಳ್ಳುವುದರಲ್ಲೇ ಕಡಲು ಮುಗಿದುಹೋಗಿತ್ತು. ಈ ಕಡಲಲ್ಲಿ ಹಾಗಿರಲಿಲ್ಲ. ಮರದ ಪುಟ್ಟ ದೋಣಿ, ಬಿಳಿ ಹಾಯಿ, ಶತ್ರುಗಳು ಯಾರೂ ಇಲ್ಲ. ಗಾಳಿ ಬಂದ ಕಡೆಗೆ ಹೋದರೆ ಯಾವುದಾದರೂ ದ್ವೀಪ ಸಿಗುತ್ತಿತ್ತು. ಕೆಲವು ದಿನ ಮಂಜು ಕವಿದು ದೋಣಿಯ ಮೂತಿಯೂ ಕಾಣುತ್ತಿರಲಿಲ್ಲ. ಆಗ ಸುಮ್ಮನೆ ಕೂತಿರಬೇಕು. ಎಲ್ಲೋ ದೂರದಲ್ಲಿ ದೊಡ್ಡ ಮೀನೊಂದು ಉಸಿರು ಬಿಡುವುದು ಕೇಳುತ್ತಿತ್ತು. ಮಂಜು ತೆರೆದಾಗ ನೀರು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿರುತ್ತಿತ್ತು.

ಹೊಸ ದ್ವೀಪ ಸಿಕ್ಕರೆ ಅದಕ್ಕೆ ಹೆಸರಿಡಬಹುದಿತ್ತು, ಕೆಳಗೆ ಒಂದೆರಡು ಸಾಲು ಬರೆಯಬಹುದಿತ್ತು. ಮಾನ್ಯ ಅಜ್ಜಿಗೆ ಕನ್ನಡದಲ್ಲಿ ಬರೆಯುವ ದಾರಿ ಮಾಡಿಕೊಟ್ಟಳು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತಿತ್ತು. ಆದರೆ ಳ ಬರಬೇಕಾದರೆ ಶಿಫ್ಟ್ ಒತ್ತಿ ಹಿಡಿಯಬೇಕು. ಕನ್ನಡದಲ್ಲಿ ಎಲ್ಲೆಲ್ಲೂ ಳ ಇದೆ ಎಂಬುದು ಗಿರಿಜಾಂಬಾಗೆ ಆಗಲೇ ಗೊತ್ತಾದದ್ದು. ಅಳಿಲುಗುಡ್ಡ. ನೆರಳಿನ ಹೊಳೆ. ಬೆಳಗಿನವರೆಗೂ ಬೆಳದಿಂಗಳು. ಹೆಸರಿನ ಕೆಳಗೆ ಅವರು ಒಂದೊಂದೇ ಅಕ್ಷರ ಹುಡುಕಿ ಬರೆಯುತ್ತಿದ್ದರು: 'ಇಲ್ಲಿ ಮರಗಳು ಒಂದನ್ನೊಂದು ಮುಟ್ಟುವುದಿಲ್ಲ. ಗಾಳಿ ಬಂದಾಗ ಮಾತ್ರ.' ಹಾಯಿ ಏರಿಸುವುದಕ್ಕೂ ಅದೇ ಶಿಫ್ಟ್. ಹಳೆಯ ಕೀಬೋರ್ಡಿನಲ್ಲಿ ಅದು ಗಟ್ಟಿಯಾದ ರಬ್ಬರಿನಂತೆ ಕೂತುಬಿಟ್ಟಿತ್ತು. ಸಂಜೆ ಹಿಟ್ಟು ಕಲಸುವಾಗಲೂ ಕಿರುಬೆರಳು ಸಿಡಿಯುತ್ತಿತ್ತು.

ಅದೇ ವರ್ಷ ಅವರ ಗಂಡ ವೃಷಭೇಂದ್ರಪ್ಪ ತರಗುಪೇಟೆಯ ಬೆಲ್ಲದ ಮಂಡಿಯನ್ನು ಬೇರೆಯವರಿಗೆ ವಹಿಸಿ ಮನೆಗೆ ಬಂದರು. ಮದುವೆಯಾದಾಗಿನಿಂದ ಗಿರಿಜಾಂಬಾ ಗಂಡನನ್ನು ವಾರದ ಮಧ್ಯಾಹ್ನಗಳಲ್ಲಿ ನೋಡಿದ್ದೇ ಇರಲಿಲ್ಲ. ಈಗ ಮಧ್ಯಾಹ್ನವೆಲ್ಲ ಅವರೇ. ಊಟವಾದ ಮೇಲೆ ಹಜಾರದ ಮಂಚದಲ್ಲಿ ಮಲಗುವರು. ಎದ್ದ ಕೂಡಲೇ "ಗಿರಿಜಾ" ಎಂದು ಕರೆಯುವರು. ಕಾಫಿ ಬೇಕಿರಬಹುದು, ಬೇಡದೆಯೂ ಇರಬಹುದು. ಪೇಪರಿನಲ್ಲಿ ಓದಿದ್ದನ್ನು ಹೇಳಬೇಕು, ಎದುರುಮನೆಯ ಮುಂದೆ ನಿಂತ ಕಾರು ಯಾರದೆಂದು ಕೇಳಬೇಕು. ಹಿಂದಿನ ಕೋಣೆಯಿಂದ ಕಣ್ಣು ಕೆಂಪಾಗಿ ಬರುವ ಹೆಂಡತಿ ಅಲ್ಲಿ ಮಲಗಿದ್ದಳೆಂದೇ ಅವರು ತಿಳಿದಿದ್ದರು. ಗಿರಿಜಾಂಬಾ ಇಲ್ಲವೆಂದು ಹೇಳಿರಲಿಲ್ಲ.

ಕೀಬೋರ್ಡ್ ಹೋದ ಮೇಲೆ ಮಧ್ಯಾಹ್ನಗಳು ಅಗಲವಾಗಿ ಬಿದ್ದುಕೊಂಡವು. ಗಿರಿಜಾಂಬಾ ಹಿಂದಿನ ಕೋಣೆಯಲ್ಲಿ ಕೂತು ಕಿಟಕಿಯಾಚೆಯ ನುಗ್ಗೆಮರದ ನೆರಳು ಗೋಡೆಯ ಮೇಲೆ ತೇಲುವುದನ್ನು ನೋಡುತ್ತಿದ್ದರು. ನೆರಳು ಒಂದು ಕಡೆ ವಾಲಿದರೆ ಅವರ ಎಡಗೈ ಬೆರಳು ತಾನಾಗಿ ಮಡಿಚಿಕೊಳ್ಳುತ್ತಿತ್ತು. ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುವರು. ಹೇಳಿದರೆ ಸೊಸೆ ಏನಂದುಕೊಂಡಾಳು, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತ ಯಜಮಾನರು ಏನಂದಾರು ಎಂದು ಸಂಜೆಗೆ ಸುಮ್ಮನಾಗುವರು. ಅಷ್ಟರಲ್ಲಿ ಮಾನ್ಯ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಅವನು ಹಜಾರಕ್ಕೆ ಬಂದರೆ ಅವಳು ಕೋಣೆಗೆ ಹೋಗುವಳು. ಅವಳ ಅಮ್ಮ ತೇಜಶ್ರೀ ಶೇಷಾದ್ರಿಪುರದ ಕಾಲೇಜಿನಲ್ಲಿ ಪಾಠ ಹೇಳಿ ಸುಸ್ತಾಗಿ ಬಂದವಳು ಇಬ್ಬರ ನಡುವೆ ತಟ್ಟೆ ಸಾಗಿಸುತ್ತಿದ್ದಳು.

ಒಂದು ದಿನ ಗಿರಿಜಾಂಬಾ ಮೊಮ್ಮಗಳ ಜಡೆ ಹಾಕುತ್ತಾ, ಅಪ್ಪನಿಗೆ ನಿಜ ಹೇಳಬಾರದಿತ್ತೇ ಎಂದು ಮೆಲ್ಲಗೆ ಕೇಳಿದರು.

"ನೀನು ಹೇಳ್ತೀಯ ಅಂತ ಕಾಯ್ತಿದೀನಿ ಅಜ್ಜಿ," ಎಂದಳು ಮಾನ್ಯ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾಸಿಯಿತ್ತು.

ಆ ಭಾನುವಾರ ಹಿತಕಿದ ಅವರೆಬೇಳೆಯ ಸಾರು ಮಾಡುವುದೆಂದು ತೀರ್ಮಾನವಾಗಿತ್ತು. ರಾತ್ರಿ ನೆನೆಹಾಕಿದ ಕಾಳನ್ನು ದೊಡ್ಡ ಬೋಗುಣಿಯಲ್ಲಿ ಹಜಾರದ ನಡುವೆ ಇಟ್ಟು ಎಲ್ಲರೂ ಸುತ್ತ ಕೂತರು. ಕಾಳನ್ನು ಎರಡು ಬೆರಳಲ್ಲಿ ಅದುಮಿದರೆ ಸಿಪ್ಪೆಯಿಂದ ಬೇಳೆ ಜಾರಿ ಇನ್ನೊಂದು ಬೋಗುಣಿಗೆ ಬೀಳುತ್ತಿತ್ತು. ಮಾನ್ಯಳೂ ಬಂದು ಅಪ್ಪನಿಗೆ ಬೆನ್ನು ಮಾಡಿ ಕೂತಳು. ಕೈಲಾಸ್ ಮಾತಿಗೆ ಎಳೆಯಲೆಂದು, ಪ್ರ್ಯಾಕ್ಟಿಕಲ್ ಯಾವಾಗ ಎಂದು ಕೇಳಿದ. ಅವಳು ಉತ್ತರವನ್ನು ಅಮ್ಮನಿಗೆ ಹೇಳಿದಳು.

ಗಿರಿಜಾಂಬಾ ಕೈಯಲ್ಲಿದ್ದ ಕಾಳನ್ನು ಹಿತಕಿ, ಸಿಪ್ಪೆಯನ್ನು ಪಕ್ಕಕ್ಕಿಟ್ಟರು.

"ಕೈಲಾಸ, ಆ ದೋಣಿಯಾಟ ಆಡ್ತಿದ್ದೋಳು ನಾನು. ಇವಳು ಕಾಲೇಜು ಶುರುವಾದ್ಮೇಲೆ ಮುಟ್ಟೇ ಇಲ್ಲ."

ಕೈಲಾಸ್ ನಕ್ಕ. ಅಮ್ಮ ಮೊಮ್ಮಗಳನ್ನು ಕಾಪಾಡಲು ಏನೋ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಗಿರಿಜಾಂಬಾ ನಗಲಿಲ್ಲ. ಯಾವ ದ್ವೀಪ ಎಲ್ಲಿದೆ, ಉತ್ತರದ ಗಾಳಿ ಯಾವಾಗ ತಿರುಗುತ್ತದೆ, ದೊಡ್ಡ ಮೀನು ಎಲ್ಲಿ ಮರಿ ಹಾಕುತ್ತದೆ ಎಲ್ಲವನ್ನೂ ಬೇಳೆ ಹಿತಕುತ್ತಲೇ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ದನಿ ಬದಲಾಯಿತು; ಹಜಾರದಲ್ಲಿ ಕೂತವರನ್ನು ಮರೆತು ಅಲ್ಲೆಲ್ಲೋ ಓಡಾಡುತ್ತಿರುವವರ ಹಾಗೆ. ಕೈಲಾಸನ ನಗು ನಿಂತಿತು. ತೇಜಶ್ರೀ ಬಾಯಿ ತೆರೆದುಕೊಂಡು ಅತ್ತೆಯನ್ನೇ ನೋಡುತ್ತಿದ್ದಳು.

ಮೊದಲು ಮಾತಾಡಿದವರು ವೃಷಭೇಂದ್ರಪ್ಪ. "ಮಧ್ಯಾಹ್ನ ನೀನು ಮಲಗ್ತೀಯ ಅಂತಿದ್ದೆ."

"ನಾನು ಹಾಗಂತ ಹೇಳಿರ್ಲಿಲ್ಲ. ನೀವು ಅಂದ್ಕೊಂಡ್ರಿ."

ವೃಷಭೇಂದ್ರಪ್ಪ ಎದ್ದು ಹೋಗಿ ಕೈ ತೊಳೆದುಕೊಂಡು ಜಗಲಿಯ ಮೇಲೆ ಕೂತರು.

ಕೈಲಾಸ್ ಮಗಳ ಕಡೆ ತಿರುಗಿದ. ತಪ್ಪಾಯಿತು ಎಂಬ ಮಾತು ಅವನಿಗೆ ಸುಲಭಕ್ಕೆ ಬರುತ್ತಿರಲಿಲ್ಲ. ಅವಳ ಮುಂದಿದ್ದ ಸಿಪ್ಪೆಯ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡು, ಕೇಳಬೇಕಿತ್ತು ನಾನು ಎಂದು ತಡವರಿಸಿದ. ಮಾನ್ಯ ಅವನ ಕಡೆ ತಿರುಗಿ, ಹದಿನೈದನೇ ತಾರೀಖಾದ ಮೇಲೆ ಪ್ರ್ಯಾಕ್ಟಿಕಲ್ ಎಂದು ಅವನಿಗೇ ಹೇಳಿದಳು. ಅವನ ಮುಖ ಸಡಿಲವಾಯಿತು. ಕೀಬೋರ್ಡನ್ನು ಆಫೀಸಿನಲ್ಲಿ ಈಶ್ವರ್ ಎಂಬುವವರ ಮೇಜಿಗೆ ಹಾಕಿಬಿಟ್ಟಿದ್ದೇವೆ, ನಾಳೆಯೇ ಬಿಡಿಸಿಕೊಂಡು ಬರುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟ.

"ಬೇಡ," ಎಂದರು ಗಿರಿಜಾಂಬಾ. "ಅದು ನೀನು ತಂದಿದ್ದು. ನೀನು ಬೇಕಾದಾಗ ಕಿತ್ಕೊಂಡು ಹೋಗ್ಬಹುದು. ನನ್ನದು ಅಂತ ಒಂದು ನಾನೇ ತಗೋತೀನಿ."

ಆ ವಾರವೆಲ್ಲ ಮನೆಯಲ್ಲಿ ಕೀಬೋರ್ಡಿನದೇ ಮಾತು. ಕೈಲಾಸ್ ಬಲಗಡೆ ಅಂಕಿಗಳ ಸಾಲೂ ಇರುವುದನ್ನು ತೆಗೆದುಕೋ, ಮುಂದೆ ಉಪಯೋಗಕ್ಕೆ ಬರುತ್ತದೆ ಎಂದ. ಬಿಳಿಯದು ಮಾತ್ರ ಬೇಡ, ಅರಿಶಿನದ ಕೈ ತಗುಲುತ್ತದೆ ಎಂದಳು ತೇಜಶ್ರೀ. ಮಾನ್ಯ ಮೆಕ್ಯಾನಿಕಲ್ ಕೀಬೋರ್ಡ್ ಒಂದನ್ನು ವರ್ಷದಿಂದ ಆಸೆಪಟ್ಟವಳು; ಅದರ ಬಗ್ಗೆ ಸಿಕ್ಕಿದ್ದೆಲ್ಲ ನೋಡಿ ಮುಗಿಸಿದ್ದಳು. ಉಪ್ಪಿಟ್ಟು ತಿನ್ನುತ್ತಾ ಅಜ್ಜಿಗೆ ಪಾಠ ಮಾಡಿದಳು. ಪ್ರತಿ ಅಕ್ಷರದ ಕೆಳಗೂ ಬೇರೆಬೇರೆ ಸ್ವಿಚ್ ಇರುತ್ತದೆ, ಒಳಗೊಂದು ಸ್ಪ್ರಿಂಗ್. ಕೆಂಪು ಸ್ವಿಚ್ ಎಲ್ಲೂ ತಡೆಯದೆ ಜಾರುತ್ತದೆ, ಆಟದವರಿಗೆ ಅದೇ ಇಷ್ಟ. ನೀಲಿಯದು ಪ್ರತಿ ಸಲ ಟಕ್ಕೆನ್ನುತ್ತದೆ. ಕಂದು ಎರಡರ ನಡುವಿನದು, ಅರ್ಧ ದಾರಿಯಲ್ಲಿ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದೆ, ಟೈಪ್ ಮಾಡುವವರಿಗೆ ಒಳ್ಳೆಯದು.

"ಬಣ್ಣ ನೋಡಿ ತಗೋಬೇಡ ಅಜ್ಜಿ. ಒತ್ತಿ ನೋಡು. ನಿನ್ನ ಬೆರಳಿಗೆ ಯಾವುದು ಸರಿಹೋಗತ್ತೋ ಅದು."

ಅವಳಿಗೆ ತಾನೇ ಜೊತೆಗೆ ಬರಬೇಕೆಂದಿತ್ತು, ಲ್ಯಾಬು ಬಿಡಲಿಲ್ಲ. ಕೈಲಾಸ್ ಮುಂದಿನ ವಾರ ರಜೆ ಹಾಕುತ್ತೇನೆ ಎಂದ. ಗಿರಿಜಾಂಬಾ ಕಾಯಲಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ, ತಿಂಡಿ ಪಾತ್ರೆ ತೊಳೆದಿಟ್ಟು, ಇಳಕಲ್ ಸೀರೆ ಉಟ್ಟು, ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿಬರುತ್ತೇನೆ ಎಂದು ಜಗಲಿಗೆ ಕೇಳುವಂತೆ ಹೇಳಿದರು. ಆ ಭಾನುವಾರದಿಂದ ಎರಡು ಮಾತು ಕೇಳಿದರೆ ಒಂದು ಮಾತು ಆಡುತ್ತಿದ್ದ ವೃಷಭೇಂದ್ರಪ್ಪ ಪೇಪರು ಮಡಿಸಿದರು. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಆಟೋದಲ್ಲಿ ಹೆಂಡತಿಯ ಪಕ್ಕಕ್ಕೆ ಕೂತರು. ಟೌನ್‌ಹಾಲ್ ಹತ್ತಿರ ಇಳಿದಾಗ ಗಿರಿಜಾಂಬಾಗೆ ಅನ್ನಿಸಿತು, ಚಿನ್ನ ಮತ್ತು ಸೀರೆ ಬಿಟ್ಟು ಬೇರೇನನ್ನೂ ಇವರ ಜೊತೆ ಬಂದು ಕೊಂಡದ್ದೇ ಇಲ್ಲವೆಂದು.

ಮೊದಲ ಅಂಗಡಿಯವನು ಮೊಮ್ಮಗನಿಗಾ ಎಂದು ಕೇಳಿದ. ನನಗೆ ಎಂದಾಗ, ಸಾದಾ ಕೀಬೋರ್ಡ್ ಒಂದನ್ನು ಪ್ಯಾಕೆಟ್ ಸಮೇತ ಮುಂದಿಟ್ಟು, ಅಮ್ಮಾವರಿಗೆ ಇದು ಸಾಕು ಎಂದ. ಅವರು ಅಲ್ಲಿಂದ ಇಳಿದುಬಿಟ್ಟರು. ಎರಡನೆಯದು ಮಹಡಿಯ ಮೇಲಿನ ಉದ್ದನೆಯ ಅಂಗಡಿ. ಅದರ ಮಾಲೀಕ ವೇಣುಗೋಪಾಲ್ ಐವತ್ತು ದಾಟಿದ ಸಾವಧಾನದ ಮನುಷ್ಯ. ಆಟಕ್ಕೋ ಟೈಪಿಂಗಿಗೋ ಎಂದು ಮಾತ್ರ ಕೇಳಿದರು.

"ಎರಡಕ್ಕೂ," ಎಂದರು ಗಿರಿಜಾಂಬಾ.

ವೇಣುಗೋಪಾಲ್ ಒಂದು ಸ್ಟೂಲು ಎಳೆದುಕೊಟ್ಟು, ತೆರೆದಿಟ್ಟ ಕೀಬೋರ್ಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ನಿಧಾನ ನೋಡಿ ಎಂದು ಬೇರೆ ಗಿರಾಕಿಯ ಕಡೆ ಹೋದರು.

ಗಿರಿಜಾಂಬಾ ಮೊದಲು ಕೆಂಪಿನ ಮೇಲೆ ಬೆರಳಿಟ್ಟರು. ಇಡುವಷ್ಟರಲ್ಲಿ ಅದು ಒಳಗೆ ಹೋಗಿತ್ತು. ಹಿಡಿತವೇ ಸಿಗದೆ ಒತ್ತದ ಅಕ್ಷರಗಳೂ ಬಿದ್ದವು. ನೀಲಿಯದು ಟಕ್ ಟಕ್ಕೆಂದು ಇಡೀ ಅಂಗಡಿಗೆ ಕೇಳಿಸಿತು. ಬಾಗಿಲಲ್ಲಿ ನಿಂತವರು ತಿರುಗಿ ನೋಡಿದರು. ಆಮೇಲೆ ಕಂದು. ಕಿರುಬೆರಳನ್ನು ಶಿಫ್ಟಿನ ಮೇಲಿಟ್ಟು ಮೆಲ್ಲಗೆ ಅದುಮಿದರು. ಸ್ವಲ್ಪ ತಡೆಯಿತು, ಮರುಕ್ಷಣ ನೆನೆದ ಅವರೆಯ ಸಿಪ್ಪೆಯಿಂದ ಬೇಳೆ ಜಾರಿದ ಹಾಗೆ ಕೆಳಕ್ಕೆ ಜಾರಿತು. ಬೆರಳು ನೋಯಲಿಲ್ಲ. ಮತ್ತೆ ಒತ್ತಿದರು. ಕಣ್ಣು ಮುಚ್ಚಿ ಎಡಗೈ ಬೆರಳುಗಳನ್ನು ಅವುಗಳ ಜಾಗದಲ್ಲಿ ಇಟ್ಟರು. ಕೆಳಗೆ ರಸ್ತೆಯಲ್ಲಿ ಕೈಗಾಡಿಯವರ ಕೂಗು, ಸ್ಕೂಟರುಗಳ ಹಾರ್ನು, ಮೆಟ್ಟಿಲ ಮೇಲೆ ಯಾರೋ ಪೆಟ್ಟಿಗೆ ಎಳೆಯುವ ಸದ್ದು. ಅದೆಲ್ಲ ಮೆಲ್ಲಮೆಲ್ಲಗೆ ದೂರ ಸರಿದು ದಡದ ಸದ್ದಾಯಿತು. ಹಾಯಿ ತುಂಬಿತು. ನೀರು ದೋಣಿಯ ಬದಿಗೆ ತಾಗಿ ಹಿಂದಕ್ಕೆ ಹೋಗುತ್ತಿತ್ತು.

"ಆ ನೀಲಿದು ಚೆನ್ನಾಗಿತ್ತು," ಎಂದರು ವೃಷಭೇಂದ್ರಪ್ಪ ಹಿಂದಿನಿಂದ.

ಗಿರಿಜಾಂಬಾ ಕಣ್ಣು ಬಿಟ್ಟರು. ಅಷ್ಟು ಸದ್ದಾದರೆ ನಿಮಗೇ ಮಲಗಲಾಗುವುದಿಲ್ಲ, ನಿಮಗೋಸ್ಕರವೇ ನಾನು ಸದ್ದಿಲ್ಲದ್ದು ನೋಡುತ್ತಿರುವುದು ಎಂದು ಹೇಳಿದರು.

"ನನಗೆ ಸದ್ದಿದ್ರೇ ಒಳ್ಳೇದು. ನೀಲಿದೇ ತಗೋ."

ವಾಪಸು ಬಂದ ವೇಣುಗೋಪಾಲ್‌ಗೆ ವೃಷಭೇಂದ್ರಪ್ಪ ಅದನ್ನೇ ಕಟ್ಟಲು ಹೇಳಿದರು. ಮಂಡಿಯಲ್ಲಿ ಜೀವಮಾನವೆಲ್ಲ ತೀರ್ಮಾನ ಹೇಳಿ ರೂಢಿಯಾದ ದನಿ. ವೇಣುಗೋಪಾಲ್ ಗಿರಿಜಾಂಬಾ ಅವರ ಮುಖ ನೋಡಿದರು. ಅವರ ಬೆರಳುಗಳು ಇನ್ನೂ ಕಂದಿನ ಮೇಲೇ ಇದ್ದವು.

"ಇದನ್ನ ಕೊಡಿ," ಎಂದರು ಗಿರಿಜಾಂಬಾ. ಅಂಕಿಗಳ ಸಾಲಿಲ್ಲದ, ಬೂದು ಬಣ್ಣದ, ದೀಪಗಳೂ ಇಲ್ಲದ ಚಿಕ್ಕ ಕೀಬೋರ್ಡ್. ದುಡ್ಡನ್ನೂ ಅವರೇ ಕೊಟ್ಟರು.

ಕೆಳಗಿಳಿದು ಬೀದಿಯ ತಿರುವಿನ ದರ್ಶಿನಿಯಲ್ಲಿ ನಿಂತು ಖಾರಾಬಾತ್ ತಿಂದರು. ವೃಷಭೇಂದ್ರಪ್ಪ ಚಮಚದಲ್ಲಿ ಬಟಾಣಿಗಳನ್ನು ಬದಿಗೆ ಸರಿಸುತ್ತಿದ್ದರು. ತಟ್ಟೆಯನ್ನೇ ನೋಡುತ್ತಾ ಹೇಳಿದರು.

"ಮಧ್ಯಾಹ್ನ ಎದ್ದಾಗ ಮನೇಲಿ ಯಾರೂ ಇಲ್ಲ ಅನ್ನಿಸತ್ತೆ ಗಿರಿಜಾ. ಮಂಡೀಲಿ ಯಾವಾಗ್ಲೂ ಜನ. ಇಲ್ಲಿ ಕಣ್ಣು ಬಿಟ್ರೆ ಫ್ಯಾನಿನ ಸದ್ದು ಒಂದೇ. ಆ ನೀಲಿದಾಗಿದ್ರೆ, ನೀನು ಅಲ್ಲಿದೀಯ ಅಂತ ಮಲಗಿದ್ದಲ್ಲೇ ಗೊತ್ತಾಗ್ತಿತ್ತು. ಕರೆಯೋದೂ ಬೇಕಿರ್ಲಿಲ್ಲ."

ಗಿರಿಜಾಂಬಾ ಕೀಬೋರ್ಡಿನ ಡಬ್ಬವನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಗಂಡನ ಬಾಯಿಂದ ಇಂಥ ಮಾತು ಅವರು ಕೇಳಿದವರಲ್ಲ. ಮನಸ್ಸು ಕರಗಿತು. ಮೆಟ್ಟಿಲು ಹತ್ತಿ ಹೋಗಿ ಬದಲಾಯಿಸಿಕೊಂಡು ಬರೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಅವರ ನಿಜವಾದ ಮಾತಾಗುತ್ತಿರಲಿಲ್ಲ.

"ನಿಮ್ಮ ನಿದ್ದೆಗೋಸ್ಕರ ಅಂತ ಆಗಲೇ ಹೇಳಿದ್ದು ಸುಳ್ಳು," ಎಂದರು. "ಆ ಹೊತ್ತಿನಲ್ಲಿ ನಾನೆಲ್ಲಿದೀನಿ ಅಂತ ಯಾರಿಗೂ ಗೊತ್ತಾಗೋದು ನನಗೆ ಬೇಕಿಲ್ಲ. ಸ್ವಲ್ಪ ಹೊತ್ತು ಅಷ್ಟೆ. ಯಾರಿಗೂ ಸಿಗದ ಹಾಗೆ ಇರ್ಬೇಕು."

"ನನಗೂನಾ?"

"ನಿಮಗೂ."

ವೃಷಭೇಂದ್ರಪ್ಪ ಕಾಫಿಯನ್ನು ಅರ್ಧಕ್ಕೇ ಬಿಟ್ಟರು. ಆಟೋದಲ್ಲಿ ಇಬ್ಬರೂ ಆಚೀಚೆ ನೋಡುತ್ತಾ ಮನೆಗೆ ಬಂದರು.

ಸಂಜೆ ಮಾನ್ಯ ಚೀಲ ಕೂಡ ಇಳಿಸದೆ ಹಿಂದಿನ ಕೋಣೆಗೆ ಹೋಗಿ ಕೀಬೋರ್ಡನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಳು. ತಾನಾಗಿದ್ದರೂ ಇದನ್ನೇ ಆರಿಸುತ್ತಿದ್ದೆ, ದೀಪ ಇರಬೇಕಿತ್ತು ಅಷ್ಟೆ ಎಂದಳು. ಪರೀಕ್ಷೆ ಮುಗಿದ ಮೇಲೆ ಸಂಜೆಗಳು ಅವಳದು, ಮಧ್ಯಾಹ್ನಗಳು ಅಜ್ಜಿಯದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಬಾಗಿಲ ಬಳಿ ನಿಂತಿದ್ದ ಕೈಲಾಸ್ ತನಗೇನಾದರೂ ಸಿಗುತ್ತದೆಯೇ ಎಂದು ಕೇಳಿದ. ಮಗಳು ಅವನಿಗೆ ಭಾನುವಾರದ ಬೆಳಗ್ಗೆ ರಸೀದಿ ಪ್ರಿಂಟ್ ತೆಗೆಯಲು ಬಿಟ್ಟುಕೊಟ್ಟಳು. ಬಹಳ ದಿನಗಳ ನಂತರ ಆ ಕೋಣೆಯಲ್ಲಿ ಅಪ್ಪ ಮಗಳು ಒಟ್ಟಿಗೆ ನಕ್ಕರು.

ವೃಷಭೇಂದ್ರಪ್ಪ ಮಾತ್ರ ಅತ್ತ ಸುಳಿಯಲಿಲ್ಲ. ಬಡಿಸಿದಷ್ಟು ಉಂಡು ಏಳುವರು. ಮುದ್ದೆ ಇನ್ನೊಂದು ಹಾಕಲೇ ಎಂದರೆ ಬೇಡವೆಂದು ತಲೆಯಾಡಿಸುವರು. ಮಧ್ಯಾಹ್ನ ಎದ್ದಾಗ ಕರೆಯುವುದನ್ನು ನಿಲ್ಲಿಸಿದರು. ಹಿಂದಿನ ಕೋಣೆಯಲ್ಲಿ ಕೂತ ಗಿರಿಜಾಂಬಾಗೆ ಮಂಚದ ಕಿರುಗುಟ್ಟುವಿಕೆ ಕೇಳುತ್ತಿತ್ತು, ಚಪ್ಪಲಿಯ ಸದ್ದು ಜಗಲಿಯ ಕಡೆ ಹೋಗುವುದು ಕೇಳುತ್ತಿತ್ತು. ಹೆಸರು ಕೇಳಿಸುತ್ತಿರಲಿಲ್ಲ. ಮೊದಲಿಗೆ ಅದು ಹಿತವೆನಿಸಿತು. ಬರಬರುತ್ತಾ, ಯಾವ ಗಾಳಿಗೂ ಮನಸ್ಸು ಕೊಡದೆ, ದೋಣಿಯನ್ನು ದಡದ ಹತ್ತಿರವೇ ಸುತ್ತಿಸುತ್ತಾ ಅವರು ಆ ಸದ್ದುಗಳಿಗೆ ಕಿವಿಗೊಡತೊಡಗಿದರು.

ತೇಜಶ್ರೀ ಒಂದು ಸಂಜೆ ಕಾಯಿ ತುರಿಯುತ್ತಾ ಮಾವನ ಪರವಾಗಿ ಮಾತೆತ್ತಿದಳು. ಮಾವ ಇಷ್ಟು ಸಪ್ಪಗಿದ್ದದ್ದನ್ನು ನೋಡಿಲ್ಲ, ಒಂದು ದಿನ ನೀವೇ ಆಟಕ್ಕೆ ಕರೆದುಬಿಡಿ ಎಂದಳು. ಗಿರಿಜಾಂಬಾ, ಕರೆದರೆ ಮತ್ತೆ ದಿನಾ ಕರೆಯಬೇಕಾಗುತ್ತದೆ ಎಂದರು. ತೇಜಶ್ರೀ ಮಣೆಯಿಂದ ತಲೆಯೆತ್ತದೆ ಹೇಳಿದಳು.

"ಕಾಲೇಜಿಂದ ಬರ್ತಾ ನಾನು ಒಂದು ಸ್ಟಾಪ್ ಮುಂಚೆ ಇಳೀತೀನಿ ಅತ್ತೆ. ಅಲ್ಲಿಂದ ಒಬ್ಬಳೇ ನಡ್ಕೊಂಡು ಬರ್ತೀನಿ. ಇವರಿಗೆ ಗೊತ್ತಿಲ್ಲ."

ಗಿರಿಜಾಂಬಾ ಸೊಸೆಯ ಕೈಯಿಂದ ಮಣೆ ತೆಗೆದುಕೊಂಡು ಉಳಿದ ಹೋಳನ್ನು ತಾವೇ ತುರಿದರು.

ಶಿವರಾತ್ರಿ ಹತ್ತಿರವಾಗಿ ಬಿಸಿಲು ಏರತೊಡಗಿತ್ತು. ಒಂದು ಮಧ್ಯಾಹ್ನ ಗಿರಿಜಾಂಬಾ ಹೊಸ ದ್ವೀಪವೊಂದಕ್ಕೆ ಹೆಸರು ಬರೆಯುತ್ತಿದ್ದಾಗ ಬಾಗಿಲು ಸರಿಯಿತು. ವೃಷಭೇಂದ್ರಪ್ಪ ಹೊಸ್ತಿಲಲ್ಲಿ ನಿಂತಿದ್ದರು. ಬನಿಯನ್ನು, ನಿದ್ದೆಯ ಕಣ್ಣು, ಅಸ್ತವ್ಯಸ್ತ ಕೂದಲು. ಅವರು ಮೊದಲ ಸಲ ಆ ಕಡಲನ್ನು ನೋಡಿದರು. ಅಲೆಗಳ ಬೆಳಕು ಹೆಂಡತಿಯ ಮುಖದ ಮೇಲೆ, ಗೋಡೆಯ ಕ್ಯಾಲೆಂಡರಿನ ಮೇಲೆ, ಮಡಿಸಿಟ್ಟ ಬಟ್ಟೆಗಳ ಮೇಲೆ ಆಡುತ್ತಿತ್ತು.

ಅದು ಏನು ಎಂದು ಬೊಟ್ಟು ಮಾಡಿ ಕೇಳಿದರು. ಹಕ್ಕಿಗಳ ಹಿಂಡು ಎಂದರು ಗಿರಿಜಾಂಬಾ. ಅವು ಹೋದ ಕಡೆ ನೆಲ ಇರುತ್ತದೆ. ಆ ಕಪ್ಪಗಿರುವುದು? ಮಳೆ. ಇನ್ನೂ ದೂರ ಇದೆ.

ಅವರು ಹೊಸ್ತಿಲು ದಾಟಲಿಲ್ಲ. ಹಿಂಡು ಕಣ್ಮರೆಯಾಗುವವರೆಗೂ ನೋಡಿದರು.

"ನಾನೂ ಬರಬಹುದಾ?" ಎಂದರು.

ಆ ಮನೆಯಲ್ಲಿ ಅವರು ಯಾರನ್ನೂ ಏನನ್ನೂ ಹಾಗೆ ಕೇಳಿದವರಲ್ಲ. ಗಿರಿಜಾಂಬಾ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹಾಯಿ ಇಳಿದು ದೋಣಿ ತೂಗುತ್ತಾ ನಿಂತಿತು. ಅವರು ಗಂಡನ ಮುಖ ನೋಡಿದರು, ಆಮೇಲೆ ಮಳೆಯ ಕಡೆ.

"ನಾಳೆ ಬನ್ನಿ," ಎಂದರು ಮೆಲ್ಲಗೆ. "ಇವತ್ತು ಒಬ್ಬಳೇ ಹೋಗ್ತೀನಿ."

ಸಿಡುಕುತ್ತಾರೆ ಎಂದು ಗಿರಿಜಾಂಬಾ ಕಾದರು. ವೃಷಭೇಂದ್ರಪ್ಪ ಸರಿ ಎಂಬಂತೆ ತಲೆಯಾಡಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು. ಅಡುಗೆಮನೆಯಲ್ಲಿ ಯಾವುದೋ ಡಬ್ಬದ ಮುಚ್ಚಳ ತೆರೆದ ಸದ್ದು, ಆಮೇಲೆ ಇನ್ನೊಂದು, ಮತ್ತೊಂದು. ಸಕ್ಕರೆ ಹುಡುಕುತ್ತಿದ್ದಾರೆ. ಎಲ್ಲಿದೆ ಎಂದು ಕೂಗಿ ಹೇಳಲು ಬಾಯಿ ತೆರೆದ ಗಿರಿಜಾಂಬಾ ಹಾಗೇ ಮುಚ್ಚಿಕೊಂಡರು. ಬಹಳ ಹೊತ್ತಿನ ಮೇಲೆ ಲೋಟದಲ್ಲಿ ಚಮಚ ತಿರುಗಿತು. ಗಿರಿಜಾಂಬಾ ಶಿಫ್ಟ್ ಒತ್ತಿ ಹಿಡಿದರು. ಆ ದಿನ ಅವರು ಮಳೆಯನ್ನು ದಾಟಿ, ಹಿಂದೆಂದೂ ಹೋಗದಷ್ಟು ದೂರ ಹೋದರು.

ಮರುದಿನ ಊಟವಾದ ಮೇಲೆ ವೃಷಭೇಂದ್ರಪ್ಪ ಮಲಗಲಿಲ್ಲ. ಹಿಂದಿನ ಕೋಣೆಗೆ ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ತಲೆ ಬಾಚಿದ್ದರು, ವಿಭೂತಿ ಹೊಸದಾಗಿ ಹಚ್ಚಿದ್ದರು. ಊರಿಗೆ ಹೊರಟವರ ಹಾಗೆ. ಗಿರಿಜಾಂಬಾ ನಗು ತಡೆದುಕೊಂಡು, ಬಟ್ಟೆಯ ರಾಶಿ ಎತ್ತಿ ಪಕ್ಕದ ಸ್ಟೂಲು ಖಾಲಿ ಮಾಡಿದರು. ಗಂಡನ ದಪ್ಪ ಬೆರಳುಗಳನ್ನು ಹಿಡಿದು ಒಂದೊಂದನ್ನೇ ಅದರ ಜಾಗದ ಮೇಲೆ ಇಟ್ಟರು. ವೃಷಭೇಂದ್ರಪ್ಪ ಒತ್ತಿದರು, ನಿಲ್ಲಿಸಿದರು, ಕಿವಿಯನ್ನು ಕೀಬೋರ್ಡಿನ ಹತ್ತಿರ ತಂದರು.

"ಇದಕ್ಕೂ ಸದ್ದಿದೆಯಲ್ಲ."

"ಇದೆ. ಪಕ್ಕದಲ್ಲಿ ಕೂತ್ರೆ ಕೇಳತ್ತೆ."

ದೋಣಿ ಮೊದಲು ಬಂಡೆಗೆ ಹೊಡೆಯಿತು, ಆಮೇಲೆ ತನ್ನ ಸುತ್ತಲೇ ಸುತ್ತಿತು. ಅವರು ಸೋತು ಕೈ ತೆಗೆಯಲು ಹೋದಾಗ ಗಿರಿಜಾಂಬಾ ಬಿಡಲಿಲ್ಲ. ಎಲ್ಲಿಗೆ ಹೋಗುವುದು ಎಂದು ಕೇಳಿದರು ವೃಷಭೇಂದ್ರಪ್ಪ. ನಿಮಗೆ ಎಲ್ಲಿಗೆ ಬೇಕೋ ಅಲ್ಲಿಗೆ ಎಂದು ಅವರು ಹಾಯಿ ಏರಿಸಿಕೊಟ್ಟರು. ಬೆಲ್ಲದ ಮಂಡಿಯ ಯಜಮಾನರು ಉಸಿರು ಬಿಗಿಹಿಡಿದು ಮುಂದಕ್ಕೆ ಒತ್ತಿದರು. ದಡ ಮೆಲ್ಲಗೆ ಹಿಂದಕ್ಕೆ ಸರಿಯಿತು.

ಅಂದಿನಿಂದ ಅವರು ವಾರದಲ್ಲಿ ಒಂದೆರಡು ಸಲ ಬರುತ್ತಿದ್ದರು, ಪ್ರತಿ ಸಲವೂ ಹೊಸ್ತಿಲಲ್ಲಿ ನಿಂತು ಕೇಳಿಕೊಂಡು. ಕೆಲವು ದಿನ ಗಿರಿಜಾಂಬಾ ಸ್ಟೂಲು ಎಳೆಯುವರು. ಕೆಲವು ದಿನ ತಿರುಗಿ ನೋಡದೆ, ಇವತ್ತು ಬೇಡವೆಂದು ತಲೆಯಲ್ಲಾಡಿಸುವರು. ಆಗ ವೃಷಭೇಂದ್ರಪ್ಪ ಚಪ್ಪಲಿ ಮೆಟ್ಟಿಕೊಂಡು, ಬಿಸಿಲಿಗೆ ಕೊಡೆ ಹಿಡಿದು, ಮಕ್ಕಳ ಕೂಟದ ಪಾರ್ಕಿನ ಕಡೆಗೆ ಒಬ್ಬರೇ ನಡೆದು ಹೋಗುತ್ತಿದ್ದರು.